ಕಾಣದ ಬೆನ್ನು

ಮನುಷ್ಯನು ತನ್ನ ಅಂಗೈಯನ್ನು ದಿನಕ್ಕೆ ನೂರು ಬಾರಿ ನೋಡುತ್ತಾನೆ. ಮುಖವನ್ನು ಕನ್ನಡಿಯಲ್ಲಿ ಕಾಣುತ್ತಾನೆ. ಬೆನ್ನು ಮಾತ್ರ ಹುಟ್ಟಿದಂದಿನಿಂದ ಜೊತೆಯಲ್ಲಿದ್ದೂ ಅಪರಿಚಿತವಾಗಿಯೇ ಉಳಿದುಬಿಡುತ್ತದೆ. ಅದು ನೆಟ್ಟಗಿದೆಯೋ, ಒಂದು ಕಡೆಗೆ ವಾಲಿದೆಯೋ ಎಂಬುದು ಅದನ್ನು ಹೊತ್ತವನಿಗಿಂತ ಮೊದಲು ಬಟ್ಟೆ ಹೊಲಿಯುವ ದರ್ಜಿಗೆ ಗೊತ್ತಾಗುತ್ತದೆ. "ಎಡಭುಜ ಅರ್ಧ ಅಂಗುಲ ಮೇಲಿದೆ" ಎಂದು ಅವನು ಅಳತೆಯ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವಾಗ, ಯಾರದೋ ಭುಜದ ವಿಷಯ ಕೇಳಿದವರಂತೆ ಜನ ಸುಮ್ಮನೆ ನಿಂತಿರುತ್ತಾರೆ.

ಮೈಸೂರಿನ ಕೃಷ್ಣಮೂರ್ತಿಪುರದ ಹಳೆಯ ಹಂಚಿನ ಮನೆಯೊಂದರಲ್ಲಿ ವಾಸವಾಗಿರುವ ಒಬ್ಬ ಹಿರಿಯ ಮಹಿಳೆಗೆ ಈ ಸಂಗತಿ ಮನದಟ್ಟಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅವರ ತಂಗಿಯ ಮಗ ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಾನೆ. ಅವನನ್ನು ಕೇಳಿ ಬೀದಿಯ ಮಕ್ಕಳೆಲ್ಲರೂ ಹಾಗೆಯೇ ಕರೆಯುವುದರಿಂದ ಇಲ್ಲಿಯೂ ಅವರಿಗೆ ಆ ಹೆಸರೇ ಸಾಕು.

ದೊಡ್ಡಮ್ಮ 1982ರಲ್ಲಿ ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿ ಕೆಲಸಕ್ಕೆ ಸೇರಿದವರು. ಪರವೂರಿನವರೊಡನೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬರೆಯಿಸಿ ಗಂಟೆಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಉದ್ದನೆಯ ಸ್ವಿಚ್ ಬೋರ್ಡಿನ ಮುಂದೆ ಸಾಲಾಗಿ ಕುಳಿತು, ತಲೆಗೆ ಹೆಡ್‌ಸೆಟ್ಟು ಬಿಗಿದುಕೊಂಡು, ಬಳ್ಳಿಯಂಥ ತಂತಿಗಳನ್ನು ಒಂದು ರಂಧ್ರದಿಂದ ಇನ್ನೊಂದಕ್ಕೆ ಜೋಡಿಸುವುದು ಅವರ ಕೆಲಸ. ಮಾತನಾಡುವವರ ಮುಖ ಕಾಣದು, ಧ್ವನಿಯೊಂದೇ ಆಧಾರ. ಯಾರಿಗೆ ಅವಸರ, ಯಾರ ಮನೆಯಲ್ಲಿ ಸಾವು, ಯಾರದು ಸುಳ್ಳು ಅವಸರ ಎಂಬುದೆಲ್ಲ ಅವರಿಗೆ ಧ್ವನಿಯಿಂದಲೇ ತಿಳಿಯುತ್ತಿತ್ತು. ನೇರ ಸಂಪರ್ಕದ ಅನುಕೂಲ ಬಂದಮೇಲೆ ಆ ಬೋರ್ಡುಗಳು ಮೂಲೆ ಸೇರಿದವು. ದೊಡ್ಡಮ್ಮ ಬಿಲ್ಲಿನ ವಿಭಾಗಕ್ಕೆ ಹೋದರು. ಆದರೆ ಬೋರ್ಡಿನ ಮುಂದೆ ಬಗ್ಗಿ ಕುಳಿತ ವರ್ಷಗಳು ಮಾತ್ರ ಬೆನ್ನಿನಲ್ಲಿ ಉಳಿದುಕೊಂಡವು. ಐವತ್ತು ದಾಟುವ ಹೊತ್ತಿಗೆ ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳಲು ಕೈ ಎತ್ತುವುದೇ ಒಂದು ಸಾಹಸವಾಯಿತು.

2016ರಲ್ಲಿ ಅವರು ಬೀದಿಯ ಕೊನೆಯ ಛತ್ರದಲ್ಲಿ ನಡೆಯುತ್ತಿದ್ದ ಯೋಗದ ತರಗತಿಗೆ ಸೇರಿದರು. ಅಲ್ಲಿ ಕಲಿಸುತ್ತಿದ್ದವರು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟರು. ಶುಲ್ಕವೆಂದು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ; ತಡವಾಗಿ ಬಂದವರನ್ನು ಒಳಗೂ ಬಿಡುತ್ತಿರಲಿಲ್ಲ. ಅವರ ಪಾಠದಲ್ಲಿ ಮಾತು ಕಡಿಮೆ. ಹದಿನೈದು ಜನ ಜಮಖಾನದ ಮೇಲೆ ನಿಂತು ಬಾಗುತ್ತಿರುವಾಗ ಅವರು ಬರಿಗಾಲಿನಲ್ಲಿ ಸದ್ದಿಲ್ಲದೆ ನಡುವೆ ಓಡಾಡುವರು. ಒಬ್ಬೊಬ್ಬರ ಹಿಂದೆಯೂ ಒಂದು ಕ್ಷಣ ನಿಲ್ಲುವರು. ಬಳಿಕ ಎಲ್ಲಿ ತಪ್ಪಿದೆಯೋ ಅಲ್ಲಿಗೆ ತೋರುಬೆರಳಿನ ತುದಿಯನ್ನು ಮುಟ್ಟಿಸಿ, "ಇಲ್ಲಿ" ಎನ್ನುವರು. ಅಷ್ಟೇ. ದೊಡ್ಡಮ್ಮನಿಗೆ ಆ ಬೆರಳು ತಗಲುತ್ತಿದ್ದುದು ಬಹುಮಟ್ಟಿಗೆ ಎರಡು ಹೆಗಲ ಮೂಳೆಗಳ ನಡುವೆ. ಅದು ತಗಲಿದೊಡನೆ ಎಲ್ಲಿಯೋ ಮುಚ್ಚಿಹೋಗಿದ್ದ ಬಾಗಿಲು ತೆರೆದಂತೆ ಎದೆ ಮೇಲೇಳುತ್ತಿತ್ತು. ಬೆರಳು ತೆಗೆದೊಡನೆ ಮತ್ತೆ ಕುಸಿಯುತ್ತಿತ್ತು. ನಾಲ್ಕು ವರ್ಷಗಳ ಅಭ್ಯಾಸದಿಂದ ಕೈ ಸರಾಗವಾಗಿ ಮೇಲೆ ಹೋಗಲಾರಂಭಿಸಿತು. ತ್ರಿಕೋನಾಸನ, ಭುಜಂಗಾಸನ, ಪಶ್ಚಿಮೋತ್ತಾನಾಸನಗಳು ಒಂದು ಹದಕ್ಕೆ ಬಂದವು. ಗೋಡೆಯ ಬಳಿ ಮೇಷ್ಟರ ಕಣ್ಣೆದುರು ಸರ್ವಾಂಗಾಸನವೂ ಬಂದಿತು.

2020ರ ಜನವರಿಯಲ್ಲಿ ದೊಡ್ಡಮ್ಮ ಸ್ವಯಂನಿವೃತ್ತಿ ಪಡೆದರು. ಇನ್ನು ಮುಂದೆ ಬೆಳಗಿನ ಹೊತ್ತೆಲ್ಲ ತಮ್ಮದೇ ಎಂದುಕೊಂಡಿದ್ದರು. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಛತ್ರಕ್ಕೆ ಬೀಗ ಬಿತ್ತು. ಮೇಷ್ಟರು ಹಾಸನದಲ್ಲಿದ್ದ ಮಗಳ ಮನೆಗೆ ಹೋದವರು ಅಲ್ಲಿಯೇ ಉಳಿದರು.

ಒಂಬತ್ತನೆಯ ತರಗತಿಯ ಹೊಸಿಲಲ್ಲಿದ್ದ ಹುಡುಗನೇ ದೊಡ್ಡಮ್ಮನ ಫೋನಿನಲ್ಲಿ ಯೋಗದ ವಿಡಿಯೋ ಪಾಠಗಳನ್ನು ಹುಡುಕಿಕೊಟ್ಟವನು. ಹುಡುಕಿದಷ್ಟೂ ಇದ್ದವು, ಕನ್ನಡದಲ್ಲಿಯೂ ಇದ್ದವು, ಇಂಗ್ಲಿಷಿನಲ್ಲಿಯೂ ಇದ್ದವು. ಎಲ್ಲದರ ಮೇಲೂ ಆರಂಭದ ಹಂತ, ಮಧ್ಯಮ ಹಂತ, ಉನ್ನತ ಹಂತ ಎಂದು ಹಣೆಪಟ್ಟಿ. "ನಾಲ್ಕು ವರ್ಷ ಆಯಿತಲ್ಲ ದೊಡ್ಡಮ್ಮ, ನಿಮ್ಮದು ಮಧ್ಯಮ" ಎಂದು ಹುಡುಗ ತೀರ್ಪು ಕೊಟ್ಟ. ದೊಡ್ಡಮ್ಮನಿಗೆ ಒಳಗೊಳಗೇ ಹಿಗ್ಗಾಯಿತು. ಮೂವತ್ತೆಂಟು ವರ್ಷಗಳ ನೌಕರಿಯಲ್ಲಿ ಬಂದ ಬಡ್ತಿಗಳಿಗಿಂತ ಈ ಬಡ್ತಿ ಹೆಚ್ಚು ಸಿಹಿಯಾಗಿತ್ತು.

ಮಧ್ಯಮ ಹಂತವೆಂದರೇನು? ಸಂಗೀತದಲ್ಲಿ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ ಎಂದು ಮೆಟ್ಟಿಲುಗಳಿವೆ. ಯೋಗದಲ್ಲಿ ಹಾಗೆ ಎಲ್ಲರೂ ಒಪ್ಪಿದ ಏಣಿಯಿಲ್ಲ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು 1966ರಲ್ಲಿ ಪ್ರಕಟಿಸಿದ 'ಲೈಟ್ ಆನ್ ಯೋಗ' ಎಂಬ ಗ್ರಂಥದಲ್ಲಿ ಪ್ರತಿಯೊಂದು ಆಸನಕ್ಕೂ ಅದರ ಕಷ್ಟಕ್ಕೆ ತಕ್ಕಂತೆ 1ರಿಂದ 60ರವರೆಗೆ ಒಂದು ಅಂಕಿಯನ್ನು ಕೊಟ್ಟರು. ನೆಟ್ಟಗೆ ನಿಲ್ಲುವ ತಾಡಾಸನಕ್ಕೆ 1. ಆ ಅಳತೆ ಅವರ ಪುಸ್ತಕದ ಅಳತೆ; ಆಸನಕ್ಕೆ ಕೊಟ್ಟದ್ದೇ ಹೊರತು ಮನುಷ್ಯನಿಗೆ ಕೊಟ್ಟದ್ದಲ್ಲ. ವಿಡಿಯೋದ ಹಣೆಪಟ್ಟಿಗಂತೂ ಆ ಮಟ್ಟಿನ ಹಿಡಿತವೂ ಇಲ್ಲ. ಒಬ್ಬರ ಮಧ್ಯಮ ಇನ್ನೊಬ್ಬರಿಗೆ ಆರಂಭ, ಮತ್ತೊಬ್ಬರಿಗೆ ಅಪಾಯ. ಇಪ್ಪತ್ತೈದರ ತರುಣಿಯೊಬ್ಬಳು ನಗುನಗುತ್ತ ಮಾಡಿ ತೋರಿಸಿದ್ದನ್ನು ಮಧ್ಯಮವೆಂದು ಕರೆದರೆ, ಸ್ವಿಚ್ ಬೋರ್ಡಿನ ಮುಂದೆ ಸವೆದ ಬೆನ್ನಿಗೆ ಅದೇನು ಹೆಸರೋ!

ಆದರೂ ವಿಡಿಯೋ ಪಾಠವನ್ನು ಹಳಿಯುವುದು ನ್ಯಾಯವಲ್ಲ. ಅದಕ್ಕೆ ಬೇಸರವಿಲ್ಲ. ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ತಾಳ್ಮೆಯಿಂದ ಹೇಳುತ್ತದೆ. ಬೇಕೆಂದಾಗ ನಿಲ್ಲುತ್ತದೆ, ಬೇಕೆಂದಾಗ ಹಿಂದಕ್ಕೆ ಹೋಗುತ್ತದೆ. ಕಾಲಿನ ಹೆಬ್ಬೆರಳು ಎತ್ತ ತಿರುಗಿದೆ, ಮಂಡಿ ಎಲ್ಲಿದೆ ಎಂಬುದನ್ನು ಹತ್ತಿರದಿಂದ ತೋರಿಸುತ್ತದೆ. ತರಗತಿಯ ಹಿಂದಿನ ಸಾಲಿನಲ್ಲಿ ನಿಂತವರಿಗೆ ಇದು ಎಂದೂ ಕಾಣುತ್ತಿರಲಿಲ್ಲ. ನಾಚಿಕೆಯ ಸ್ವಭಾವದವರಿಗೆ, ಮನೆ ಬಿಟ್ಟು ಹೊರಡಲಾಗದವರಿಗೆ, ಊರಿನಲ್ಲಿ ಕಲಿಸುವವರೇ ಇಲ್ಲದವರಿಗೆ ಅದು ದೊಡ್ಡ ಉಪಕಾರ.

ಚಿತ್ರದಿಂದ ಯೋಗ ಕಲಿಯುವುದು ಹೊಸ ಸಂಗತಿಯೂ ಅಲ್ಲ, ಮೈಸೂರಿಗಂತೂ ಅಲ್ಲವೇ ಅಲ್ಲ. ದೊಡ್ಡಮ್ಮನ ಮನೆಯಿಂದ ನಡೆದೇ ಹೋಗಬಹುದಾದ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಒಂದು ಯೋಗಶಾಲೆ ನಡೆಯುತ್ತಿತ್ತು. ಅಲ್ಲಿ ಕಲಿಸುತ್ತಿದ್ದವರು ತಿರುಮಲೈ ಕೃಷ್ಣಮಾಚಾರ್ಯರು, ಚಿತ್ರದುರ್ಗ ಸೀಮೆಯವರು. ಅವರ 'ಯೋಗಮಕರಂದ' 1934ರಲ್ಲಿ ಕನ್ನಡದಲ್ಲಿ, ಆಸನಗಳ ಚಿತ್ರಗಳೊಡನೆ ಹೊರಬಂದಿತು. 1938ರಲ್ಲಿ ಅವರೂ ಅವರ ಮನೆಯವರೂ ಶಿಷ್ಯರಾದ ಅಯ್ಯಂಗಾರರೂ ಆಸನಗಳನ್ನು ಮಾಡುತ್ತಿರುವುದನ್ನು ಮೈಸೂರಿನಲ್ಲಿಯೇ ಚಲನಚಿತ್ರವಾಗಿ ತೆಗೆಯಲಾಯಿತು. ಆ ಕಪ್ಪುಬಿಳುಪಿನ ಮೂಕಿ ಚಿತ್ರ ಇಂದಿಗೂ ಉಳಿದಿದೆ. ದೇಹವು ಹೊಳೆಯ ನೀರಿನಂತೆ ಒಂದು ಆಸನದಿಂದ ಇನ್ನೊಂದಕ್ಕೆ ಹರಿಯುವುದನ್ನು ಅದರಲ್ಲಿ ಕಾಣಬಹುದು. ಉಸಿರು ಮಾತ್ರ ಕೇಳಿಸದು. ಮುಂದೆ ಅಯ್ಯಂಗಾರರ ಗ್ರಂಥದ ಸುಮಾರು 600 ಛಾಯಾಚಿತ್ರಗಳು ಸಮುದ್ರ ದಾಟಿ, ಯೋಗಗುರುವನ್ನು ಕಣ್ಣಿನಿಂದಲೂ ಕಾಣದ ಎಷ್ಟೋ ಮಂದಿಯ ಮನೆಯ ನೆಲದ ಮೇಲೆ ತೆರೆದುಕೊಂಡವು.

ಆದರೆ ಅದೇ ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯರಾದ, 1915ರಲ್ಲಿ ಹಾಸನದ ಬಳಿಯ ಕೌಶಿಕದಲ್ಲಿ ಜನಿಸಿದ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರದ ತಮ್ಮ ಮನೆಯಲ್ಲಿ ಕಲಿಸುತ್ತಿದ್ದ ಬಗೆ ಬೇರೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿನ ಲೆಕ್ಕದಲ್ಲಿ ತಾವೇ ಅಭ್ಯಾಸ ಮಾಡಬೇಕು. ಗುರು ಒಬ್ಬೊಬ್ಬರ ಬಳಿಗೂ ಬಂದು ಕೈಯಿಂದ ತಿದ್ದುವನು. ಹಿಂದಿನ ಆಸನ ಸ್ಥಿರವಾಯಿತೆಂದು ಗುರುವಿಗೆ ತೋರಿದಾಗ ಮಾತ್ರ ಮುಂದಿನದು. ಇದಕ್ಕೆ ಲೋಕದಲ್ಲೆಲ್ಲ 'ಮೈಸೂರು ಪದ್ಧತಿ' ಎಂದೇ ಹೆಸರಾಗಿದೆ. ಅಂದರೆ ಯಾರು ಯಾವ ಹಂತದಲ್ಲಿದ್ದಾರೆ ಎಂಬುದನ್ನು ಕಲಿಯುವವನು ಹೇಳುವಂತಿಲ್ಲ, ನೋಡುವವನು ಹೇಳಬೇಕು. ಛತ್ರದ ಡ್ರಾಯಿಂಗ್ ಮೇಷ್ಟರು ಆ ಪರಂಪರೆಗೆ ಸೇರಿದವರೇನೂ ಅಲ್ಲ. ಬೆರಳು ಮಾತ್ರ ಅದೇ ಜಾತಿಯದು.

ವಿಡಿಯೋ ತೋರಿಸುತ್ತದೆ, ನೋಡುವುದಿಲ್ಲ. ದೊಡ್ಡಮ್ಮನಿಗೆ ಇದು ಮೊದಲ ವಾರದಲ್ಲಿಯೇ ಸಣ್ಣಪುಟ್ಟ ತೊಡಕುಗಳಾಗಿ ಎದುರಾಯಿತು. ಪರದೆಯಲ್ಲಿ ಎದುರುಮುಖವಾಗಿ ನಿಂತ ಶಿಕ್ಷಕಿ ಬಲಗಾಲು ಎಂದಾಗ ದೊಡ್ಡಮ್ಮನ ಎಡಗಾಲು ಮುಂದೆ ಹೋಗುತ್ತಿತ್ತು. ಆಕೆ "ಉಸಿರು ಬಿಡಿ" ಎನ್ನುವಾಗ ಇವರಿನ್ನೂ ಎಳೆದುಕೊಳ್ಳುತ್ತಿದ್ದರು. ಉಸಿರು ಕೂಡಿಬರಲಿಲ್ಲವೆಂದು ಆಕೆ ಕಾಯುವಳೇ? ಅವಳ ಪಾಡಿಗೆ ಅವಳು ಮುಂದಿನ ಆಸನಕ್ಕೆ ಹೋಗಿಬಿಡುತ್ತಿದ್ದಳು. "ಬಹಳ ಚೆನ್ನಾಗಿ ಮಾಡಿದಿರಿ" ಎಂಬ ಹೊಗಳಿಕೆಯೂ ಕೊನೆಯಲ್ಲಿ ತಪ್ಪದೆ ಬರುತ್ತಿತ್ತು. ಒಂದು ದಿನ ದೊಡ್ಡಮ್ಮ ನಡುವೆಯೇ ಎದ್ದು ಹೋಗಿ ಉಕ್ಕುತ್ತಿದ್ದ ಹಾಲನ್ನು ಇಳಿಸಿ ಬಂದರು. ಆ ದಿನವೂ ಹೊಗಳಿಕೆ ಬಂದಿತು.

ದೊಡ್ಡ ತೊಡಕು ಬಂದದ್ದು ಜೂನ್ ತಿಂಗಳಲ್ಲಿ. ಅಂದಿನ ಪಾಠದಲ್ಲಿ ಹಲಾಸನದಿಂದ ಸರ್ವಾಂಗಾಸನಕ್ಕೆ ಏರಿ, ಅಲ್ಲಿಂದ ಒಂದು ಕಾಲನ್ನು ಮಾತ್ರ ನೆಲದ ಕಡೆಗೆ ಇಳಿಸುವುದಿತ್ತು. ಆರಂಭದಲ್ಲಿ ಶಿಕ್ಷಕಿ ಮೂರು ನಿಮಿಷ ಎಚ್ಚರಿಕೆಗಳನ್ನು ಹೇಳಿದ್ದಳು. ದೊಡ್ಡಮ್ಮ ಅದನ್ನು ಹಾರಿಸಿದ್ದರು. ನಾಲ್ಕು ವರ್ಷದಿಂದ ಮಾಡುತ್ತಿರುವವರಿಗೆ ಪೀಠಿಕೆಯೇಕೆ? ಫೋನನ್ನು ಎಡಗಡೆಗೆ, ನೀರಿನ ಚೊಂಬಿಗೆ ಒರಗಿಸಿ ಇಟ್ಟಿದ್ದರು. ಕಾಲುಗಳು ಮೇಲೇರಿದವು. ದೇಹದ ಭಾರವೆಲ್ಲ ಹೆಗಲಿನ ಮೇಲೆ, ಗದ್ದ ಎದೆಗೆ ತಾಗಿದೆ. ಯಾವ ಕಾಲು ಮೊದಲು ಎಂದು ತಿಳಿಯಲಿಲ್ಲ. ನೋಡೋಣವೆಂದು ಕತ್ತನ್ನು ಎಡಕ್ಕೆ ತಿರುಗಿಸಿದರು.

ಸರ್ವಾಂಗಾಸನದಲ್ಲಿ ಕತ್ತು ತಿರುಗಿಸಬಾರದೆಂಬುದು ಛತ್ರದಲ್ಲಿ ಮೊದಲ ದಿನದ ಪಾಠ. ಬಾಗಿ, ಭಾರದ ಅಡಿಯಲ್ಲಿರುವ ಕತ್ತನ್ನು ಹೊರಳಿಸಿದರೆ ಅಲ್ಲಿನ ಕೀಲುಗಳ ಮೇಲೂ ಸ್ನಾಯುಗಳ ಮೇಲೂ ಬೀಳುವ ಎಳೆತ ಸಾಮಾನ್ಯವಾದುದಲ್ಲ. ಕತ್ತಿನಲ್ಲಿ ಏನೋ ಚಳಕ್ಕೆಂದಿತು. ದೊಡ್ಡಮ್ಮ ಹೇಗೋ ಕೆಳಗಿಳಿದು ಜಮಖಾನದ ಮೇಲೆ ಬಿದ್ದುಕೊಂಡರು. ಪರದೆಯಲ್ಲಿ ಶಿಕ್ಷಕಿ ನಗುತ್ತ ಇನ್ನೊಂದು ಕಾಲನ್ನು ಇಳಿಸುತ್ತಿದ್ದಳು.

ಮೂಳೆಯ ವೈದ್ಯರು ಪರೀಕ್ಷಿಸಿ, ನರಕ್ಕೇನೂ ಆಗಿಲ್ಲ, ಸ್ನಾಯು ಹಿಡಿದುಕೊಂಡಿದೆ ಎಂದರು. ಹದಿನೈದು ದಿನ ಕತ್ತಿಗೆ ಪಟ್ಟಿ. ಆ ಅವಧಿಯಲ್ಲಿ ಯಾರಾದರೂ ಕರೆದರೆ ದೊಡ್ಡಮ್ಮ ಇಡೀ ದೇಹವನ್ನೇ ತಿರುಗಿಸಿ ನೋಡಬೇಕಾಗಿತ್ತು. ನೋವಿಗಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಅವಮಾನ. ಇನ್ನು ಈ ವಯಸ್ಸಿನಲ್ಲಿ ಈ ಗೀಳು ಸಾಕು ಎಂದು ಜಮಖಾನವನ್ನು ಸುತ್ತಿ ಅಟ್ಟದ ಮೇಲೆ ಹಾಕಿಸಿದರು. ಆಗಸ್ಟ್ ಹೊತ್ತಿಗೆ ತಲೆ ಬಾಚುವಾಗ ಕೈ ಮತ್ತೆ ಬಿಗಿಯತೊಡಗಿತು.

ಒಂದು ಸಂಜೆ ಅವರು ಹಾಸನಕ್ಕೆ ಫೋನು ಮಾಡಿದರು. ಮೇಷ್ಟರು ಎಲ್ಲವನ್ನೂ ಕೇಳಿಸಿಕೊಂಡರು. "ಹೆಗಲ ಕೆಳಗೆ ಕಂಬಳಿ ಹಾಕಿಕೊಂಡಿದ್ದಿರೇನಮ್ಮ?" ಎಂದರು. ಇಲ್ಲ. "ಮೊಣಕೈ ಹತ್ತಿರವಿತ್ತೋ, ಅಗಲವಾಗಿತ್ತೋ?" ಗೊತ್ತಿಲ್ಲ. "ಬೆನ್ನು ಕುಸಿದಿತ್ತೇ?"

"ನನಗೆ ಹೇಗೆ ಗೊತ್ತಾಗಬೇಕು ಮೇಷ್ಟ್ರೇ? ನೀವೇ ಹೇಳಿ, ಮುಂದೆ ಹೇಗೆ ಮಾಡಲಿ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ನೋಡದೆ ನಾನೇನು ಹೇಳಲಮ್ಮ? ನಿಮ್ಮ ಮನೆಯಲ್ಲಿ ಕಣ್ಣಿರುವವರು ಯಾರೂ ಇಲ್ಲವೇ?"

ಬದುಕಿನ ಬಹುಭಾಗವನ್ನು ಧ್ವನಿಯನ್ನೇ ನಂಬಿ ಕಳೆದ ದೊಡ್ಡಮ್ಮ ಫೋನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದರು.

ಕಣ್ಣಿರುವವನು ಪಕ್ಕದ ಕೋಣೆಯಲ್ಲಿಯೇ ಇದ್ದ. ಆ ವರ್ಷ ಶಾಲೆ ತೆರೆದಿರಲಿಲ್ಲ. ಅಪ್ಪನ ಫೋನು ಅಪ್ಪನೊಡನೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ಹುಡುಗ ದೊಡ್ಡಮ್ಮನ ಫೋನಿನಲ್ಲಿಯೇ ಪಾಠ ಕೇಳುತ್ತಿದ್ದ. ಗಣಿತದ ಶಿಕ್ಷಕರು ಚೆನ್ನಾಗಿಯೇ ಹೇಳಿಕೊಡುತ್ತಿದ್ದರು. "ಎಲ್ಲರಿಗೂ ಅರ್ಥವಾಯಿತೇ?" ಎಂದಾಗ ಅವನು ಎಲ್ಲರಂತೆ ಹೂಂ ಎನ್ನುತ್ತಿದ್ದ. ಬಹುಪದೋಕ್ತಿಗಳ ಭಾಗಾಕಾರದಲ್ಲಿ ಕಳೆಯುವಾಗ ಚಿಹ್ನೆ ಬದಲಿಸಬೇಕೆಂಬುದನ್ನು ಎರಡು ತಿಂಗಳಿನಿಂದ ಮರೆಯುತ್ತ ಬಂದಿದ್ದುದು ಅವನ ನೋಟ್ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಅದನ್ನು ನೋಡಿದವರೇ ಇರಲಿಲ್ಲ. ದೊಡ್ಡಮ್ಮ ಒಮ್ಮೆ ಕನ್ನಡಕ ಹಾಕಿಕೊಂಡು ಪುಟ ತಿರುವಿ, ಬೆರಳಿಟ್ಟು, "ಇಲ್ಲಿ ಕಣೋ" ಎಂದಾಗ ಅವನ ಮುಖ ಕೆಂಪಾಗಿತ್ತು. ಬಿಲ್ಲಿನ ವಿಭಾಗದಲ್ಲಿದ್ದವರ ಕಣ್ಣಿಗೆ ಕೂಡುವ ಕಳೆಯುವ ತಪ್ಪು ಬೀಳದಿರುವುದುಂಟೇ?

ಮರುದಿನ ಜಮಖಾನ ಅಟ್ಟದಿಂದ ಇಳಿಯಿತು. ಹೊಸ ಕ್ರಮವೊಂದು ಮೆಲ್ಲಗೆ ರೂಢಿಗೆ ಬಂದಿತು. ಮೊದಲು ಇಬ್ಬರೂ ಕುಳಿತು ಪಾಠವನ್ನು, ಎಚ್ಚರಿಕೆಯ ಮಾತುಗಳನ್ನೂ ಬಿಡದೆ, ಮೊದಲಿನಿಂದ ಕೊನೆಯವರೆಗೆ ನೋಡುವುದು. ಬಳಿಕ ಫೋನಿನ ಪಾಠವನ್ನು ನಿಲ್ಲಿಸಿಬಿಡುವುದು. ದೊಡ್ಡಮ್ಮ ನೆನಪಿನಿಂದ, ತಮ್ಮ ಉಸಿರಿನ ಲೆಕ್ಕದಲ್ಲಿ ಆಸನ ಮಾಡುವುದು; ಹುಡುಗ ಅದೇ ಫೋನಿನಲ್ಲಿ ಅದನ್ನು ಪಕ್ಕದಿಂದ, ಹಿಂದಿನಿಂದ ಚಿತ್ರ ಹಿಡಿಯುವುದು. ಶೀರ್ಷಾಸನವನ್ನು ಮಾತ್ರ ದೊಡ್ಡಮ್ಮ ಪಟ್ಟಿಯಿಂದಲೇ ತೆಗೆದುಹಾಕಿದರು. ಪೆಟ್ಟು ತಿಂದ ಕತ್ತಿಗೆ, ರಕ್ತದ ಒತ್ತಡ ಹೆಚ್ಚಿರುವವರಿಗೆ, ಕಣ್ಣಿನೊಳಗಿನ ಒತ್ತಡದ ತೊಂದರೆಯಿರುವವರಿಗೆ ಅದು ಸಲ್ಲದೆಂದು ಪೀಠಿಕೆಯಲ್ಲಿಯೇ ಹೇಳಿದ್ದರು. ಹಾರಿಸಿದ ಪೀಠಿಕೆಗಳಲ್ಲಿ ಏನೇನಿತ್ತೆಂದು ದೊಡ್ಡಮ್ಮನಿಗೆ ಈಗ ತಿಳಿಯುತ್ತ ಬಂದಿತು.

ತಮ್ಮ ಉಷ್ಟ್ರಾಸನದ ಚಿತ್ರವನ್ನು ಮೊದಲ ಸಲ ನೋಡಿದಾಗ ದೊಡ್ಡಮ್ಮ ನಂಬಲಿಲ್ಲ. ಮಂಡಿಯೂರಿ ನಿಂತು, ಎದೆಯನ್ನು ಮೇಲಕ್ಕೆತ್ತಿ, ಹಿಂದಕ್ಕೆ ಬಾಗಿ ಕೈಗಳಿಂದ ಹಿಮ್ಮಡಿಗಳನ್ನು ಹಿಡಿಯುವ ಆಸನ ಅದು. ತೊಡೆಗಳು ಕಂಬದಂತೆ ನೆಟ್ಟಗಿರಬೇಕು. ತಮ್ಮವು ಹಾಗೆಯೇ ಇವೆಯೆಂದು ಅವರು ಪ್ರಮಾಣ ಮಾಡಿ ಹೇಳಬಲ್ಲವರಾಗಿದ್ದರು. ಚಿತ್ರದಲ್ಲಿ ಕಂಡ ಹೆಂಗಸಿನ ಸೊಂಟ ಹಿಂದಕ್ಕೆ ಜಾರಿತ್ತು; ಬಾಗಿದ್ದುದೆಲ್ಲ ಸೊಂಟದ ಮೇಲಿನ ನಾಲ್ಕು ಬೆರಳಗಲದ ಜಾಗದಲ್ಲಿ. ಬೆನ್ನಿನ ಮೇಲ್ಭಾಗ ಹಲಗೆಯಂತೆ ಹಾಗೆಯೇ ಇತ್ತು. ತಲೆ ಮಾತ್ರ ಹಿಂದಕ್ಕೆ ಜೋತುಬಿದ್ದಿತ್ತು. ಎಡಭುಜ ಕಿವಿಯ ಕಡೆಗೆ ಏರಿತ್ತು.

"ಇದು ನಾನೇನೋ?"

"ನೀವೇ ದೊಡ್ಡಮ್ಮ."

"ಈ ಭುಜ ಯಾವಾಗಿನಿಂದ ಹೀಗಿದೆ?"

"ಯಾವಾಗಲೂ ಹಾಗೇ ಇದೆಯಲ್ಲ," ಎಂದ ಹುಡುಗ. ಫೋನಿನಲ್ಲಿ ಮಾತನಾಡುವಾಗ ಕೈ ಬಿಡುವಾಗಲೆಂದು ರಿಸೀವರನ್ನು ಎಡಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದ ಬಿಲ್ಲಿನ ವಿಭಾಗದ ಮೇಜು ದೊಡ್ಡಮ್ಮನ ನೆನಪಿಗೆ ಬಂದಿತು. ರವಿಕೆಯ ದರ್ಜಿ ಪ್ರತಿ ಸಲವೂ ಎಡಭುಜಕ್ಕೆ ಏಕೆ ಬೇರೆ ಗುರುತು ಹಾಕುತ್ತಿದ್ದನೆಂಬುದೂ ತಿಳಿಯಿತು.

ಅದು ಒಂದೆರಡು ವಾರಗಳಲ್ಲಿ ಸರಿಹೋಗುವ ಕೆಲಸವಲ್ಲ. ಹಿಮ್ಮಡಿ ಹಿಡಿಯುವ ಆಸೆಯನ್ನು ಕೈಬಿಟ್ಟು, ಗೋಡೆಗೆ ತೊಡೆಗಳನ್ನು ತಾಗಿಸಿ ಮಂಡಿಯೂರಿ, ಕೈಗಳನ್ನು ಸೊಂಟದ ಮೇಲೆಯೇ ಇಟ್ಟುಕೊಂಡು ಬರಿಯ ಎದೆಯನ್ನು ಎತ್ತುವುದನ್ನು ದೊಡ್ಡಮ್ಮ ಮೂರು ತಿಂಗಳು ಮಾಡಿದರು. ಅದನ್ನು ಯಾವ ಹಂತವೆನ್ನಬೇಕೆಂದು ಹುಡುಗ ಕೇಳಿದಾಗ, "ಗೋಡೆಯ ಹಂತ" ಎಂದರು. ಅವನೂ ಪಕ್ಕದಲ್ಲಿ ಬಾಗಿ ನೋಡಿದ. ಹದಿನಾಲ್ಕು ವರ್ಷದ ಅವನ ಬೆರಳುಗಳು ನೆಲಕ್ಕೆ ಒಂದು ಗೇಣು ಉಳಿಸಿ ನಿಂತವು. ದೊಡ್ಡಮ್ಮನ ಅಂಗೈ ನೆಲ ಮುಟ್ಟಿತು. ಅಂದಿನಿಂದ ಅವನ ವಿಮರ್ಶೆಯ ಧ್ವನಿ ಸ್ವಲ್ಪ ತಗ್ಗಿತು.

ಡಿಸೆಂಬರ್ ತಿಂಗಳ ಒಂದು ಮುಂಜಾನೆ. ಹೊರಗೆ ಮಂಜು ಕವಿದಿತ್ತು, ನೆಲ ತಣ್ಣಗಿತ್ತು. ದೊಡ್ಡಮ್ಮ ಗೋಡೆಯನ್ನು ಬಿಟ್ಟು ಕೋಣೆಯ ನಡುವೆ ಮಂಡಿಯೂರಿದರು. ಪಾಠ ಮುಗಿದಿದ್ದ ಫೋನು ಚೊಂಬಿಗೆ ಒರಗಿ ತನ್ನಷ್ಟಕ್ಕೆ ತಾನೇ ಇನ್ನಾವುದೋ ವಿಡಿಯೋವನ್ನು ಆರಂಭಿಸಿತ್ತು. ಅದರ ಕಡೆಗೆ ಇಬ್ಬರ ಗಮನವೂ ಇರಲಿಲ್ಲ. ಅವರು ಉಸಿರೆಳೆದು ಎದೆಯನ್ನು ಎತ್ತಿ, ಮೆಲ್ಲಗೆ ಹಿಂದಕ್ಕೆ ಬಾಗಿದರು. ಬಲಗೈ ಹಿಮ್ಮಡಿಯನ್ನು ಮುಟ್ಟಿತು, ಎಡಗೈಯೂ ಮುಟ್ಟಿತು. ಭುಜ ಕಿವಿಯ ಕಡೆಗೆ ಏರತೊಡಗಿತು. ಹುಡುಗ ಬರಿಗಾಲಿನಲ್ಲಿ ಹಿಂದೆ ಬಂದು ನಿಂತು ಒಂದು ಕ್ಷಣ ನೋಡಿದ; ತೋರುಬೆರಳನ್ನು ಎರಡು ಹೆಗಲ ಮೂಳೆಗಳ ನಡುವೆ ಇಟ್ಟು, "ಇಲ್ಲಿ ದೊಡ್ಡಮ್ಮ" ಎಂದ.